ಕೊಳವೆಯಲ್ಲಿ ಹರಿದ ಕೆರೆಗೆ ತಾರೀಖಿಲ್ಲ

ಬೆಂಗಳೂರಿನಲ್ಲಿ ಸಿನಿಮಾಕ್ಕೆ ವಿಮರ್ಶೆ ಬರೆಯುವವರಿದ್ದಾರೆ, ದೋಸೆಗೆ ಬರೆಯುವವರಿದ್ದಾರೆ, ಫಿಲ್ಟರ್ ಕಾಫಿಗಂತೂ ಕ್ರಾಸಿಗೊಬ್ಬರು. ಆದರೆ ಈ ಊರಿನವರು ವರ್ಷಕ್ಕೆರಡು ಸಲವಾದರೂ ನೋಡಿ, ಲೊಚಗುಟ್ಟಿ, ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುವ ಒಂದು ಚಿತ್ರಪ್ರಕಾರಕ್ಕೆ ಮಾತ್ರ ವಿಮರ್ಶಕರೇ ಇಲ್ಲ. ಅದೇ ಆಕಾಶದಿಂದ ನೋಡಿದ ಬೆಂಗಳೂರಿನ ಟೈಮ್‌ಲ್ಯಾಪ್ಸ್. ಮೂವತ್ತು ಸೆಕೆಂಡ್. ಮೊದಲು ಹಸಿರು, ಆಮೇಲೆ ಬೂದು. ನಡುವೆ ಕೆರೆಗಳು ಒಂದೊಂದಾಗಿ ಕಣ್ಣು ಮುಚ್ಚುತ್ತವೆ. ಹಿನ್ನೆಲೆಯಲ್ಲಿ ಕಡ್ಡಾಯವಾಗಿ ಒಂದು ಪಿಯಾನೋ.

ಮಳೆ ಬಂದಾಗಲೆಲ್ಲ ಇದು ಬರುತ್ತೆ. 2024ರ ಅಕ್ಟೋಬರ್‌ನಲ್ಲಿ ಮಾನ್ಯತಾ ಟೆಕ್ ಪಾರ್ಕಿನೊಳಗೆ ನೀರು ನಿಂತು, ಯಲಹಂಕದ ಕೇಂದ್ರೀಯ ವಿಹಾರದಲ್ಲಿ ಜನರನ್ನು ಬೋಟಿನಲ್ಲಿ ಕರೆತಂದರಲ್ಲ, ಅಂಥ ವಾರಗಳಲ್ಲಂತೂ ತಣಿಸಂದ್ರ ಮುಖ್ಯರಸ್ತೆಯ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಇಂಥದ್ದು ಬರದ ದಿನವೇ ಇರಲ್ಲ. ‘ನೋಡಿ, ಇಲ್ಲಿ ಕೆರೆ ಇತ್ತು’ ಅಂತ ಒಬ್ಬರು. ‘ಇಲ್ಲ ಸರ್, ಈಗಲೂ ಇದೆ, ಜಾಸ್ತಿನೇ ಆಗಿದೆ’ ಅಂತ ಇನ್ನೊಬ್ಬರು. ಇಬ್ಬರೂ ತೋರಿಸುವುದು ವಿಡಿಯೋವನ್ನೇ. ತಮಾಷೆ ಅಂದರೆ ಇಬ್ಬರ ವಿಡಿಯೋದಲ್ಲೂ ತಾರೀಖು ಇರುವುದಿಲ್ಲ.

ಈ ಚಿತ್ರಪ್ರಕಾರವನ್ನು ಅದು ತಯಾರಾಗುವ ಜಾಗದಿಂದಲೇ, ಅಂದರೆ ಟರ್ಮಿನಲ್ಲಿನಿಂದಲೇ, ವಿಮರ್ಶೆ ಮಾಡಬೇಕು ಅನ್ನುವುದು ನನ್ನ ವಾದ. ಯಾಕೆಂದರೆ ಇದರ ಗುಣ ದೋಷ ಎರಡೂ ಹುಟ್ಟುವುದು ಅಲ್ಲೇ. ಓದುಗರಲ್ಲಿ ಅರ್ಧ ಜನಕ್ಕೆ ಆ ಕಪ್ಪು ಕಿಟಕಿ ದಿನನಿತ್ಯದ ಅನ್ನ. ಉಳಿದವರು ಹೆದರಬೇಡಿ, ಕಮಾಂಡನ್ನು ಇಲ್ಲಿ ಬರೆಯಲ್ಲ, ಬಾಯಿಮಾತಲ್ಲೇ ಹೇಳ್ತೀನಿ.

ಇದನ್ನು ಮಾಡುವ ವಿಧಾನ ಸರಳ. ಉಪಗ್ರಹದ ಚಿತ್ರಗಳನ್ನು ಇಳಿಸಿಕೊಳ್ಳುವುದು. ಒಂದು ಪ್ರೋಗ್ರಾಂ ಪ್ರತಿ ಚಿತ್ರದಲ್ಲಿ ನಮ್ಮ ಏರಿಯಾವನ್ನಷ್ಟೇ ಕತ್ತರಿಸುತ್ತೆ, ಇನ್ನೊಂದು ಬಣ್ಣ ಸರಿಮಾಡುತ್ತೆ, ಮತ್ತೊಂದು ಅಳತೆ ಹೊಂದಿಸುತ್ತೆ, ಕೊನೆಯದು ಎಲ್ಲವನ್ನೂ ಸಾಲಾಗಿ ಹೊಲಿದು ವಿಡಿಯೋ ಮಾಡುತ್ತೆ. ಇವುಗಳ ನಡುವೆ ನಿಲ್ಲುವುದು ಒಂದು ನೆಟ್ಟಗಿನ ಗೀಟು, ಪೈಪ್. ಎಡಗಡೆಯವನ ಔಟ್‌ಪುಟ್ ಬಲಗಡೆಯವನ ಇನ್‌ಪುಟ್. ಹಾರ್ಡ್ ಡಿಸ್ಕಿನಲ್ಲಿ ನಡುವೆ ಏನನ್ನೂ ಇಳಿಸಿಡುವುದಿಲ್ಲ.

ಈ ಯೋಚನೆಗೆ ಅರವತ್ತು ವರ್ಷ ದಾಟಿದೆ. ಬೆಲ್ ಲ್ಯಾಬ್ಸಿನ ಡಗ್ ಮೆಕಿಲ್ರಾಯ್ 1964ರಲ್ಲೇ ಒಂದು ಟಿಪ್ಪಣಿಯಲ್ಲಿ, ಪ್ರೋಗ್ರಾಂಗಳನ್ನು ತೋಟಕ್ಕೆ ನೀರು ಬಿಡುವ ಕೊಳವೆಯ ತುಂಡುಗಳ ಹಾಗೆ ಒಂದಕ್ಕೊಂದು ಜೋಡಿಸುವಂತಿರಬೇಕು ಎಂದಿದ್ದ. ಕೆನ್ ಥಾಂಪ್ಸನ್ ಅದನ್ನು ಯೂನಿಕ್ಸಿನಲ್ಲಿ ನಿಜ ಮಾಡಿದ್ದು 1973ರಲ್ಲಿ. ಚಿತ್ರಗಳಿಗೂ ಇದೇ ಮಾರ್ಗ ಸಾಕು ಅಂತ ತೋರಿಸಿದ್ದು 1988ರಲ್ಲಿ ಜೆಫ್ ಪೊಸ್ಕಾಂಜರ್ ಬರೆದ ಪಿಬಿಎಂಪ್ಲಸ್, ಅದರ ಮುಂದಿನ ಪೀಳಿಗೆಯೇ ನೆಟ್‌ಪಿಬಿಎಂ. ಒಂದೊಂದು ಪುಟ್ಟ ಪ್ರೋಗ್ರಾಂ ಒಂದೊಂದೇ ಕೆಲಸ ಮಾಡುತ್ತೆ, ನೂರಾರು ಇವೆ, ಬೇಕಾದವನ್ನು ಪೋಣಿಸಿಕೊಳ್ಳಿ.

ತೋಟದ ಕೊಳವೆಗಿಂತ ಹತ್ತಿರದ ಹೋಲಿಕೆ ನಮ್ಮ ಮನೆಬಾಗಿಲಲ್ಲೇ ಇದೆ. ಜಕ್ಕೂರು ಕೆರೆ ತುಂಬಿದರೆ ಕೋಡಿ ಹರಿದು ರಾಚೇನಹಳ್ಳಿ ಕೆರೆಗೆ ಬರುತ್ತೆ. ಮೇಲಿನ ಕೆರೆ ಹೂಳು ಇಳಿಸಿಕೊಂಡು ತಿಳಿನೀರನ್ನು ಕೆಳಗೆ ಕಳಿಸಬೇಕು, ಕೆಳಗಿನದು ಗದ್ದೆಗೆ ಬಿಟ್ಟು ಉಳಿದದ್ದನ್ನು ಅದಕ್ಕೂ ಕೆಳಗೆ ಕಳಿಸಬೇಕು. ನಡುವೆ ಪೈಪಿನ ಗೀಟಿನ ಹಾಗೆ ರಾಜಕಾಲುವೆ. ನಮ್ಮ ಊರಿನ ಹೆಸರಿನಲ್ಲಿರುವ ‘ಸಂದ್ರ’ವೂ ‘ಸಮುದ್ರ’, ಅಂದರೆ ದೊಡ್ಡ ಕೆರೆ ಅನ್ನುವುದರಿಂದ ಬಂದದ್ದು ಅಂತ ಹೇಳುತ್ತಾರೆ. ಬೊಮ್ಮಸಂದ್ರ, ಸಿಂಗಸಂದ್ರ, ತಣಿಸಂದ್ರ. ಹೋಲಿಕೆ ಒಂದು ಕಡೆ ಮುರಿಯುತ್ತೆ, ಆ ಮುರಿಯುವ ಜಾಗವೇ ಸ್ವಾರಸ್ಯ. ಕಂಪ್ಯೂಟರಿನ ಪೈಪಿನಲ್ಲಿ ಕೆಳಗಿನವನಿಗೆ ತಡವಾದರೆ ಮೇಲಿನವನು ತಾನಾಗಿ ನಿಲ್ಲುತ್ತಾನೆ. ರಾಜಕಾಲುವೆಯಲ್ಲಿ ಹಾಗೆ ನಿಲ್ಲುವವರು ಯಾರೂ ಇಲ್ಲ. ಕೆಳಗೆ ಜಾಗ ಇಲ್ಲದಿದ್ದರೆ ನೀರು ಬೇಸ್‌ಮೆಂಟ್ ಪಾರ್ಕಿಂಗಿಗೆ ಇಳಿಯುತ್ತೆ.

ಈ ತಾನಾಗಿ ನಿಲ್ಲುವ ಗುಣ ಎಷ್ಟು ಚೆಂದ ಅಂತ ಲೆಕ್ಕದಲ್ಲಿ ನೋಡಿ. ಲಿನಕ್ಸಿನ ಒಂದು ಪೈಪ್ ಒಮ್ಮೆಗೆ ಹಿಡಿಯುವುದು ಸಾಮಾನ್ಯವಾಗಿ 65,536 ಬೈಟ್ ಮಾತ್ರ. ಫುಲ್ ಎಚ್‌ಡಿ ಅಳತೆಯ ಒಂದು ಫ್ರೇಮ್, ಸಂಕುಚಿತ ಮಾಡದೆ, ಅಗಲ 1920, ಎತ್ತರ 1080, ಪಿಕ್ಸೆಲಿಗೆ ಮೂರು ಬಣ್ಣದ ಮೂರು ಬೈಟ್, ಒಟ್ಟು 62,20,800 ಬೈಟ್. ಅಂದರೆ ಒಂದು ಫ್ರೇಮ್ ಆಚೆ ದಾಟಬೇಕಾದರೆ ಆ ಪುಟ್ಟ ಚೊಂಬನ್ನು 95 ಸಲ ತುಂಬಿ ಸುರಿಯಬೇಕು. ಸಾವಿರ ಫ್ರೇಮ್ ಅಂದರೆ ಆರು ಜಿಬಿಗೂ ಜಾಸ್ತಿ. ಅಷ್ಟೂ ಹರಿದುಹೋಗುತ್ತೆ, ಡಿಸ್ಕಿನ ಮೇಲೆ ಒಂದು ಹನಿ ಬೀಳದೆ. ಇದೇ ಕೆಲಸವನ್ನು ಇಮೇಜ್‌ಮ್ಯಾಜಿಕ್‌ಗೆ ‘ಈ ಫೋಲ್ಡರಿನ ಎಲ್ಲ ಚಿತ್ರವನ್ನೂ ತಗೊಂಡು ಒಂದು ಮಾಡು’ ಅಂತ ಒಂದೇ ಏಟಿಗೆ ಹೇಳಿ ನೋಡಿ. ಅದು ಎಲ್ಲವನ್ನೂ ಒಟ್ಟಿಗೆ ಮೆಮರಿಗೆ ಎಳೆದುಕೊಳ್ಳಲು ಹೋಗಿ ಲ್ಯಾಪ್‌ಟಾಪ್ ಏದುಸಿರು ಬಿಡುತ್ತೆ. ಹತ್ತು ವರ್ಷದ ಹಳೆಯ ಮೆಷಿನ್ನಿನಲ್ಲೂ ನಲವತ್ತು ವರ್ಷದ ನಗರವನ್ನು ಓಡಿಸಬಹುದು ಅನ್ನುವುದಕ್ಕೆ ಕಾರಣ ಪೈಪ್. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಲಾಗದ ವಿದ್ಯಾರ್ಥಿಗೂ, ಕೆರೆ ಉಳಿಸುವ ಗುಂಪಿನವರಿಗೂ ಇದು ಕೈಗೆಟುಕುತ್ತೆ. ಹೊಗಳಬೇಕಾದ ಮಾತನ್ನು ಮೊದಲೇ ಹೊಗಳಿಬಿಟ್ಟಿದ್ದೇನೆ.

ಇನ್ನು ದೋಷ. ಪೈಪ್ ಬೈಟುಗಳನ್ನು ಮಾತ್ರ ಸಾಗಿಸುತ್ತೆ, ಹೆಸರನ್ನು ಸಾಗಿಸುವುದಿಲ್ಲ. ಫೋಲ್ಡರಿನಲ್ಲಿ ಕೂತಿದ್ದಾಗ ಆ ಚಿತ್ರಕ್ಕೊಂದು ಹೆಸರಿತ್ತು. ಆ ಹೆಸರಲ್ಲೇ ತಾರೀಖು ಇತ್ತು, ಯಾವ ಉಪಗ್ರಹ, ಯಾವ ಹಾದಿ ಅಂತಲೂ ಇತ್ತು. ಪೈಪಿಗೆ ಇಳಿದ ಕ್ಷಣ ಅದು ಅನಾಮಧೇಯ. ನೆಟ್‌ಪಿಬಿಎಂನ ಪಿಪಿಎಂ ಚಿತ್ರದ ತಲೆಯಲ್ಲಿ ಅಗಲ, ಎತ್ತರ, ಬಣ್ಣದ ಮಿತಿ ಇವಿಷ್ಟು ಮಾತ್ರ. ಅದು ಸಾಕು, ಒಂದು ಚಿತ್ರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಎಣಿಸಿ ತಿಳಿಯಬಹುದು. ಆದರೆ ಇದು ಯಾವತ್ತಿನದು ಅಂತ ತಿಳಿಯಲಾಗದು. ಜೆಪೆಗ್ ಅನ್ನೇ ಕಳಿಸುತ್ತೇನೆ ಅಂದರೆ ಅದಕ್ಕೆ ಆರಂಭದ ಗುರುತು, ಅಂತ್ಯದ ಗುರುತು ಇವೆ ನಿಜ, ಆದರೆ ಎಷ್ಟೋ ಕ್ಯಾಮೆರಾಗಳು ದೊಡ್ಡ ಚಿತ್ರದ ಹೊಟ್ಟೆಯಲ್ಲೇ ಒಂದು ಮರಿಚಿತ್ರ ಇಟ್ಟಿರುತ್ತವೆ. ಅದಕ್ಕೂ ಅದೇ ಗುರುತುಗಳು. ಗುರುತು ನೋಡಿ ಕತ್ತರಿಸಲು ಹೋದ ಅವಸರದ ಸ್ಕ್ರಿಪ್ಟ್ ತಾಯಿಯ ಜಾಗದಲ್ಲಿ ಮರಿಯನ್ನು ಹಿಡಿದುಕೊಂಡು ಬರುತ್ತೆ. ಇಮೇಜ್‌ಮ್ಯಾಜಿಕ್‌ನ ಸ್ವಂತ ಮಿಫ್ ಶೈಲಿ ಈ ವಿಷಯದಲ್ಲಿ ಮೇಲು, ಅದರ ತಲೆಬರಹದಲ್ಲಿ ಟಿಪ್ಪಣಿಗೂ ಜಾಗ ಇದೆ. ಆದರೆ ಕೊನೆಗೆ ವಿಡಿಯೋ ಹೊಲಿಯುವವನ ಕೈಗೆ ಬರುವ ಹೊತ್ತಿಗೆ ಆ ಚೀಟಿಯೂ ಉದುರಿರುತ್ತೆ.

ಹೊಲಿಯುವವನು ಅಂದರೆ ಹೆಚ್ಚಾಗಿ ಎಫ್‌ಎಫ್‌ಎಂಪೆಗ್. ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರುಮಾಡಿದ, ಇವತ್ತು ವಿಡಿಯೋ ಅನ್ನುವುದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅಡಿಪಾಯವಾಗಿರುವ ಅದ್ಭುತ. ಅದರ ಮೇಲೆ ನನಗೆ ದೂರಿಲ್ಲ, ಅದರ ಮೌನದ ಮೇಲೆ ಇದೆ. ಸಂಖ್ಯೆ ಹಾಕಿದ ಚಿತ್ರಗಳ ಸಾಲು ಕೊಟ್ಟು, ನಡುವೆ ಒಂದು ಸಂಖ್ಯೆ ಕಾಣೆಯಾದರೆ, ಸಾಲು ಅಲ್ಲಿಗೇ ಮುಗಿಯಿತು ಅಂತ ತಿಳಿದು ಅಷ್ಟಕ್ಕೇ ವಿಡಿಯೋ ಮಾಡಿಕೊಡುತ್ತೆ. ಸಂಖ್ಯೆಯ ಗೊಡವೆ ಬೇಡ, ಫೋಲ್ಡರಿನ ಎಲ್ಲವನ್ನೂ ತಗೋ ಅಂದರೆ ಅಕ್ಷರಕ್ರಮದಲ್ಲಿ ತಗೊಳ್ಳುತ್ತೆ, 1 ಆದಮೇಲೆ 10, ಆಮೇಲೆ 2. ಎಷ್ಟು ವೇಗ ಅಂತ ಹೇಳದಿದ್ದರೆ ಸೆಕೆಂಡಿಗೆ 25 ಚಿತ್ರ. 1984ರಿಂದ 2024ರವರೆಗೆ ವರ್ಷಕ್ಕೊಂದರಂತೆ 41 ಚಿತ್ರ ಕೊಟ್ಟರೆ ಬೆಂಗಳೂರಿನ ನಲವತ್ತು ವರ್ಷ ಒಂದೂವರೆ ಸೆಕೆಂಡ್ ಚಿಲ್ಲರೆಗೆ ಮುಗಿದುಹೋಗುತ್ತೆ.

ಇದಕ್ಕಿಂತ ದೊಡ್ಡದು ಶೆಲ್ಲಿನದೇ ಅಭ್ಯಾಸ. ಐದು ಪ್ರೋಗ್ರಾಂ ಪೋಣಿಸಿದ ಸಾಲಿನಲ್ಲಿ ಎರಡನೆಯದು ಅರ್ಧದಲ್ಲಿ ಸತ್ತರೂ, ಕೊನೆಯದು ಸರಿಯಾಗಿ ಮುಗಿದರೆ ಇಡೀ ಸಾಲು ಗೆದ್ದಿತು ಅಂತಲೇ ಲೆಕ್ಕ. ಸಾಲಿನ ಯಾರು ಸೋತರೂ ಸೋಲು ಅಂತ ಪರಿಗಣಿಸು ಅನ್ನಲು ಪೈಪ್‌ಫೇಲ್ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನು ನಾವೇ ಹಾಕಬೇಕು, ತಾನಾಗಿ ಇರುವುದಿಲ್ಲ. ಸರ್ಕಾರಿ ಕಾಮಗಾರಿಯ ಕಂಪ್ಲೀಷನ್ ಸರ್ಟಿಫಿಕೇಟ್ ನೋಡಿದವರಿಗೆ ಇದನ್ನು ವಿವರಿಸುವುದು ಬೇಕಿಲ್ಲ. ಕೊನೆಯ ಟೇಬಲ್ಲಿನಲ್ಲಿ ಸಹಿ ಬಿತ್ತಾ? ಹಾಗಾದರೆ ರಸ್ತೆ ಆಗಿದೆ.

ಈಗ ಎರಡು ಸಾಲುಗಳಿಗೆ ಬರೋಣ. ಒಳ್ಳೆಯ ವಾದಕ್ಕೆ ಒಂದು ಸಾಲು ಸಾಲದು. ಎಡಕ್ಕೆ ರಾಚೇನಹಳ್ಳಿ, ಬಲಕ್ಕೆ ನಾಗವಾರ. ಎಡಕ್ಕೆ ಮಳೆ ಮುಗಿದ ನವೆಂಬರ್, ಬಲಕ್ಕೆ ಬೇಸಿಗೆಯ ಏಪ್ರಿಲ್. ಹೀಗೆ ಪಕ್ಕಪಕ್ಕ ಓಡಿಸಿದರೆ ಕಣ್ಣಿಗೆ ಹೋಲಿಕೆ ಸಿಗುತ್ತೆ. ಆದರೆ ಪ್ರೋಗ್ರಾಮಿಗೆ ಬಾಯಿ ಒಂದೇ, ಒಂದು ಪೈಪ್ ಮಾತ್ರ ನೇರವಾಗಿ ಕಚ್ಚಬಲ್ಲದು. ಎರಡನೆಯದಕ್ಕೆ ಹೆಸರಿಟ್ಟ ಪೈಪ್, ಅಂದರೆ ಫೈಲಿನ ವೇಷ ಹಾಕಿದ ಕೊಳವೆ ಬೇಕು. ಇಲ್ಲಿ ಒಂದು ಹಳೇ ಗಂಡಾಂತರ ಇದೆ. ಎರಡೂ ಕೊಳವೆಗೆ ಸುರಿಯುವವನು ಒಬ್ಬನೇ ಆಗಿ, ಅವನು ಮೊದಲನೆಯದನ್ನು ತುಂಬಿ ಅದು ಖಾಲಿಯಾಗಲಿ ಅಂತ ಕಾಯುತ್ತಾನೆ, ಕುಡಿಯುವವನು ಎರಡನೆಯದರಲ್ಲಿ ಏನಾದರೂ ಬರಲಿ ಅಂತ ಕಾಯುತ್ತಾನೆ. ಇಬ್ಬರೂ ಬೆಳಗಾಗುವ ತನಕ ಕಾಯುತ್ತಾರೆ. ಹೆಬ್ಬಾಳದ ಫ್ಲೈಓವರ್ ಕೆಳಗೆ ಸಂಜೆ ಏಳು ಗಂಟೆಗೆ ಈ ದೃಶ್ಯ ಉಚಿತವಾಗಿ ನೋಡಲು ಸಿಗುತ್ತೆ.

ಸ್ಥಗಿತ ಆದರೆ ಪರವಾಗಿಲ್ಲ, ಕಣ್ಣಿಗೆ ಕಾಣುತ್ತೆ. ಕಾಣದ ಅಪಾಯ ಜೋಡಣೆಯದು. ಎರಡು ಚಿತ್ರಮಾಲೆಗಳನ್ನು ಪಕ್ಕಪಕ್ಕ ಅಂಟಿಸುವ ಫಿಲ್ಟರ್ ಫ್ರೇಮಿನ ಸಮಯ ನೋಡಿ ಜೋಡಿಸುತ್ತೆ. ಎರಡೂ ಒಂದೇ ವೇಗದ ಚಿತ್ರಮಾಲೆಯಾದರೆ ಸಮಯ ಅಂದರೆ ಕ್ರಮಸಂಖ್ಯೆಯೇ. ಎಡಗಡೆಯ ಹನ್ನೆರಡನೆಯದಕ್ಕೆ ಬಲಗಡೆಯ ಹನ್ನೆರಡನೆಯದು. ಮೋಡದ ಕಾರಣಕ್ಕೆ ಎಡಗಡೆ ಮೂರು ವರ್ಷ ಬಿಟ್ಟುಹೋಗಿದ್ದರೆ, ಎಡದ 1998 ಬಲದ 1995ರ ಜೊತೆ ಮದುವೆಯಾಗುತ್ತೆ, ಯಾರೂ ಜಾತಕ ಕೇಳುವುದಿಲ್ಲ. ಇನ್ನೂ ಒಂದಿದೆ. ಒಂದು ಸಾಲು ಮೊದಲು ಮುಗಿದರೆ, ಬೇರೆ ಏನೂ ಹೇಳದಿದ್ದಲ್ಲಿ, ಆ ಫಿಲ್ಟರ್ ಅದರ ಕೊನೆಯ ಫ್ರೇಮನ್ನೇ ಹಿಡಿದು ನಿಲ್ಲಿಸಿ ಇನ್ನೊಂದನ್ನು ಓಡಿಸುತ್ತಲೇ ಇರುತ್ತೆ. ನೋಡುವವನ ಕಣ್ಣಿಗೆ ಏನು ಕಾಣುತ್ತೆ? ಬಲಗಡೆ ಕಟ್ಟಡಗಳು ಏಳುತ್ತಲೇ ಇವೆ, ಎಡಗಡೆ ಕೆರೆ ಸುರಕ್ಷಿತವಾಗಿ, ಅಲ್ಲಾಡದೆ, ತುಂಬಿಕೊಂಡು ನಿಂತಿದೆ. ಚಿತ್ರ ಮುಗಿದದ್ದನ್ನು ಕೆರೆ ಉಳಿದದ್ದು ಅಂತ ಓದುತ್ತೇವೆ. ಯಾರೂ ಸುಳ್ಳು ಹೇಳಿಲ್ಲ, ಡೀಫಾಲ್ಟ್ ಹೇಳಿತು.

ಇದೆಲ್ಲ ಟೆಕ್ಕಿಗಳ ಚರ್ಚೆ, ನಮಗೇನು ಅಂತ ಅನ್ನುವವರಿಗೆ ತಣಿಸಂದ್ರದ ಉದಾಹರಣೆಯನ್ನೇ ಕೊಡುತ್ತೇನೆ. ಬಿಡಿಎ ಅರ್ಕಾವತಿ ಬಡಾವಣೆಗೆ 16 ಹಳ್ಳಿಗಳ ಜಮೀನು ಸ್ವಾಧೀನಕ್ಕೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2003ರ ಫೆಬ್ರವರಿ 3ರಂದು, ಅಂತಿಮ ಅಧಿಸೂಚನೆ 2004ರ ಫೆಬ್ರವರಿ 23ರಂದು. ಆ ಪಟ್ಟಿಯಲ್ಲಿ ತಣಿಸಂದ್ರ ಇದೆ, ರಾಚೇನಹಳ್ಳಿ ಇದೆ, ಜಕ್ಕೂರು, ಸಂಪಿಗೆಹಳ್ಳಿ, ನಾಗವಾರ ಎಲ್ಲ ಇವೆ. ಆಮೇಲೆ ಹೈಕೋರ್ಟು, ಸುಪ್ರೀಂ ಕೋರ್ಟು. 2010ರ ಸುಪ್ರೀಂ ಕೋರ್ಟ್ ತೀರ್ಪು ಕೆಲವು ಬಗೆಯ ಜಮೀನಿನವರಿಗೆ, ಅಂದರೆ ಕಟ್ಟಡಗಳಿಂದಲೇ ತುಂಬಿದ್ದ ಜಾಗ, ನರ್ಸರಿ, ಕಾರ್ಖಾನೆ, ಶಾಲೆ ಇಂಥವುಗಳಿಗೆ, ಕೈಬಿಡಿ ಅಂತ ಅರ್ಜಿ ಹಾಕುವ ದಾರಿ ತೆರೆದಿಟ್ಟಿತು. ಅದರ ಹಿಂದೆಯೇ 2014ರಲ್ಲಿ ಡಿನೋಟಿಫಿಕೇಶನ್ ವಿವಾದ, ನ್ಯಾಯಮೂರ್ತಿ ಕೆಂಪಣ್ಣ ಆಯೋಗ. ಸೈಟು ಸಿಕ್ಕೂ ಸಿಗದ ಸಾವಿರಾರು ಮನೆಯವರ ಅಲೆದಾಟ. ಈ ಇಡೀ ಕಥೆಯ ನಡುವೆ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತೆ: ಇಂಥ ದಿನ ಈ ಜಾಗದಲ್ಲಿ ಏನಿತ್ತು? ಗದ್ದೆಯೋ, ಶೆಡ್ಡೋ, ಮನೆಯೋ?

ಇದು ಅಕ್ಷರಶಃ ಚಿತ್ರಮಾಲೆಗೆ ಹಾಕಬೇಕಾದ ಪ್ರಶ್ನೆ. ಎರಡು ಅಧಿಸೂಚನೆಗಳ ನಡುವೆ 385 ದಿನ. ಲ್ಯಾಂಡ್‌ಸ್ಯಾಟ್ ಉಪಗ್ರಹ 16 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾಯುತ್ತೆ, ಅಂದರೆ ಸುಮಾರು 24 ಅವಕಾಶ. ಮುಂಗಾರಿನಿಂದ ಹಿಂಗಾರು ಮುಗಿಯುವ ತನಕ ಬೆಂಗಳೂರಿನ ನೆತ್ತಿಯಲ್ಲಿ ಮೋಡ. ಸಾಲದ್ದಕ್ಕೆ 2003ರ ಮೇ 31ರಂದು, ಎರಡು ಅಧಿಸೂಚನೆಗಳ ನಡುವೆಯೇ, ಲ್ಯಾಂಡ್‌ಸ್ಯಾಟ್ 7ರ ಸ್ಕ್ಯಾನ್ ಸರಿಪಡಿಸುವ ಸಾಧನ ಕೆಟ್ಟಿತು. ಅಲ್ಲಿಂದಾಚೆಗೆ ಆ ಉಪಗ್ರಹ ತೆಗೆದ ಪ್ರತಿ ಚಿತ್ರದಲ್ಲೂ ಹುಲಿಪಟ್ಟೆಯ ಹಾಗೆ ಖಾಲಿ ಗೆರೆಗಳು, ಸುಮಾರು 22 ಪರ್ಸೆಂಟ್ ಭಾಗ ಇಲ್ಲವೇ ಇಲ್ಲ. ಟೈಮ್‌ಲ್ಯಾಪ್ಸಿನಲ್ಲಿ ಆ ಪಟ್ಟೆಗಳನ್ನು ನೀವು ಯಾವತ್ತಾದರೂ ನೋಡಿದ್ದೀರಾ? ನೋಡಿರಲ್ಲ. ಬೇರೆ ದಿನದ, ಬೇರೆ ತಿಂಗಳಿನ ಪಿಕ್ಸೆಲ್ ತಂದು ತೇಪೆ ಹಾಕಿರುತ್ತಾರೆ. ಗೂಗಲ್ 2013ರಲ್ಲಿ ಜಗತ್ತಿಗೆ ತೋರಿಸಿದ, 2021ರಲ್ಲಿ ಗೂಗಲ್ ಅರ್ಥ್‌ನೊಳಗೆ ಸೇರಿಸಿದ ಟೈಮ್‌ಲ್ಯಾಪ್ಸ್ ಕೂಡ ಹೀಗೇ, ಒಂದು ವರ್ಷದ ಒಂದು ಚಿತ್ರ ಅಂದರೆ ಬಹಳ ದಿನಗಳ ಚಿತ್ರಗಳಿಂದ ಮೋಡ ಸೋಸಿ ಮಾಡಿದ ಹದ. ಇಡೀ ಭೂಮಿಯ ಕಥೆ ಹೇಳಲು ಅದು ಸೊಗಸಾದ ಉಪಾಯ. ಆದರೆ ಅದರಲ್ಲಿರುವ ‘2003’ ಯಾವ ದಿನವೂ ಅಲ್ಲ. ಅಂಥ ದಿನ ಬೆಂಗಳೂರಿನಲ್ಲಿ ಬೆಳಗಾಗಿಯೇ ಇಲ್ಲ.

ಅಳತೆಯದ್ದೂ ಇದೆ. ಲ್ಯಾಂಡ್‌ಸ್ಯಾಟಿನ ಒಂದು ಪಿಕ್ಸೆಲ್ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೂವತ್ತು ನಲವತ್ತರ ಎಂಟು ಸೈಟು. ಎಂಟು ಸೈಟಿಗೆ ಒಂದೇ ಬಣ್ಣ. ಅದರಲ್ಲಿ ಒಂದರಲ್ಲಿ ಮನೆ ಎದ್ದಿದ್ದರೆ ಬಣ್ಣ ಚೂರು ಮಾಸುತ್ತೆ, ಅಷ್ಟೇ. 2015ರಲ್ಲಿ ಹಾರಿದ ಯುರೋಪಿನ ಸೆಂಟಿನೆಲ್ 2ರ ಪಿಕ್ಸೆಲ್ 10 ಮೀಟರಿನದು, ಒಂದು ಸೈಟಿಗಿಂತ ತುಸು ಚಿಕ್ಕದು. ಒಂದೇ ವಿಡಿಯೋದಲ್ಲಿ ಮೊದಲ ಮೂವತ್ತು ವರ್ಷ ಲ್ಯಾಂಡ್‌ಸ್ಯಾಟ್, ಕೊನೆಯ ಹತ್ತು ವರ್ಷ ಸೆಂಟಿನೆಲ್ ಹಾಕಿ ಒಂದೇ ಅಳತೆಗೆ ಹಿಗ್ಗಿಸಿದರೆ, 2015ರಲ್ಲಿ ತಣಿಸಂದ್ರದಲ್ಲಿ ಇದ್ದಕ್ಕಿದ್ದ ಹಾಗೆ ಗಲ್ಲಿಗಳು ಹುಟ್ಟಿಕೊಂಡಂತೆ ಕಾಣುತ್ತೆ. ಹುಟ್ಟಿಕೊಂಡದ್ದು ಗಲ್ಲಿಗಳಲ್ಲ, ಕನ್ನಡಕ.

ಕೆರೆಯ ಅಂಚಿನ ಜಗಳಕ್ಕೂ ಇದೇ ಅಳತೆ ಹಿಡಿಯಿರಿ. ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಬೇಕು ಅಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು, ಮಾಸ್ಟರ್ ಪ್ಲಾನಿನ 30 ಮೀಟರ್ ಮತ್ತೆ ಚಾಲ್ತಿಗೆ ಬಂತು. ಮೂವತ್ತು ಮೀಟರ್ ಅಂದರೆ ಲ್ಯಾಂಡ್‌ಸ್ಯಾಟಿನ ಒಂದೇ ಒಂದು ಪಿಕ್ಸೆಲ್. ಅರ್ಧ ನೀರು, ಅರ್ಧ ದಡ ಕಲಸಿಹೋಗಿರುವ ಆ ಅಂಚಿನ ಪಿಕ್ಸೆಲ್ಲನ್ನು ತೋರಿಸಿ ‘ನೋಡಿ ಒತ್ತುವರಿ’ ಅನ್ನುವುದೂ ಆಗದು, ‘ನೋಡಿ, ಏನೂ ಆಗಿಲ್ಲ’ ಅನ್ನುವುದೂ ಆಗದು. ಒತ್ತುವರಿ ಆಗಿಲ್ಲ ಅಂತ ನಾನು ಹೇಳುತ್ತಿಲ್ಲ. ಅದನ್ನು ಸಾಬೀತು ಮಾಡಬೇಕಾದರೆ ಸರ್ವೇ ನಕ್ಷೆ, ಗ್ರಾಮ ನಕ್ಷೆ, ಚೈನು ಹಿಡಿದ ಸರ್ವೇಯರ್, ಮೀಟರಿಗಿಂತ ಸೂಕ್ಷ್ಮವಾದ ತಾರೀಖು ಸಮೇತದ ಚಿತ್ರ ಬೇಕು. ಪಿಯಾನೋ ಸಾಲದು.

ಋತುವಿನ ಮಾತು ಇನ್ನೂ ಮೋಸದ್ದು. ನಮ್ಮ ಕೆರೆಗಳು ಮೂಲದಲ್ಲಿ ತುಂಬುವ, ಬತ್ತುವ ಕೆರೆಗಳು. ನವೆಂಬರಿನಲ್ಲಿ ತುಂಬು ಬಸುರಿ, ಏಪ್ರಿಲ್‌ನಲ್ಲಿ ಬಿರುಕು ಬಿಟ್ಟ ಅಂಗಳ. 1990ರ ನವೆಂಬರ್ ಪಕ್ಕದಲ್ಲಿ 2010ರ ಏಪ್ರಿಲ್ ಇಟ್ಟರೆ ಯಾವ ಕೆರೆಯಾದರೂ ಸತ್ತಂತೆ ಕಾಣುತ್ತೆ. ತಿರುಗಿಸಿ ಇಟ್ಟರೆ ಯಾವ ಕೆರೆಯಾದರೂ ಪುನಶ್ಚೇತನಗೊಂಡಂತೆ ಕಾಣುತ್ತೆ. ಇನ್ನೊಂದು ಕಡೆ, ನಗರದ ಎಷ್ಟೋ ಕೆರೆಗಳಲ್ಲಿ ಈಗ ಬೇಸಿಗೆಯಲ್ಲೂ ನೀರಿರುವುದು ನಮ್ಮ ನಿಮ್ಮ ಬಚ್ಚಲುಮನೆಯ ಕೃಪೆಯಿಂದ. ಜಕ್ಕೂರಿನಲ್ಲಾದರೆ ಸಂಸ್ಕರಣಾ ಘಟಕದ ನೀರು ಜೌಗಿನ ಗಿಡಗಳ ಮೂಲಕ ಹಾದು ಕೆರೆಗೆ ಬರುತ್ತೆ, ಅದು ಮೆಚ್ಚಬೇಕಾದ ವ್ಯವಸ್ಥೆ. ಸಂಸ್ಕರಿಸದ ನೀರು ಬರುವ ಕೆರೆಯೂ ಆಕಾಶದಿಂದ ನೋಡಿದರೆ ಅಷ್ಟೇ ತುಂಬಿರುತ್ತೆ. ಚಿತ್ರಕ್ಕೆ ವಾಸನೆ ಇಲ್ಲವಲ್ಲ.

ಇದುವರೆಗೆ ಹೇಳಿದ್ದು ಸಾಕ್ಷ್ಯದ ಮಾತು. ಸೌಂದರ್ಯದ ಮಾತೂ ಇದೆ, ನನಗೆ ಅದೇ ಹೆಚ್ಚು ಕಾಡುವುದು. ಕನ್ನಡದಲ್ಲಿ ‘ಕೆರೆ ಮುಚ್ಚಿಹೋಯಿತು’ ಅನ್ನಬಹುದು, ‘ಕೆರೆ ಮುಚ್ಚಿದರು’ ಅನ್ನಬಹುದು. ‘ಊರು ಬೆಳೆಯಿತು’ ಅನ್ನಬಹುದು, ‘ಊರು ಬೆಳೆಸಿದರು’ ಅನ್ನಬಹುದು. ಟೈಮ್‌ಲ್ಯಾಪ್ಸಿಗೆ ಮೊದಲನೆಯದು ಮಾತ್ರ ಬರುತ್ತೆ. ಅದರ ವ್ಯಾಕರಣದಲ್ಲಿ ಕರ್ತೃವೇ ಇಲ್ಲ. ರೊಟ್ಟಿಯ ಮೇಲೆ ಬೂಷ್ಟು ಹಬ್ಬಿದ ಹಾಗೆ ಕಾಂಕ್ರೀಟ್ ಹಬ್ಬುತ್ತೆ, ಪ್ರಕೃತಿಸಹಜವಾಗಿ, ತನ್ನಷ್ಟಕ್ಕೆ. ಆ 385 ದಿನಗಳಲ್ಲಿ ಕಡತಗಳಿದ್ದವು, ಸಹಿಗಳಿದ್ದವು, ಜಮೀನು ಕಳೆದುಕೊಂಡವರಿದ್ದರು, ಉಳಿಸಿಕೊಂಡವರಿದ್ದರು. ವರ್ಷಕ್ಕೊಂದು ಫ್ರೇಮಿನ ವಿಡಿಯೋದಲ್ಲಿ ಅದು ಒಂದು ಮಿಟುಕು. ವಿಡಿಯೋ ನೋಡಿ ನಮಗೆ ದುಃಖವಾಗುತ್ತೆ, ಸಿಟ್ಟು ಬರುವುದಿಲ್ಲ. ಸಿಟ್ಟಿಗೆ ಹೆಸರು ಬೇಕು, ತಾರೀಖು ಬೇಕು.

ಇದರಲ್ಲಿ ಅತಿ ಕೆಟ್ಟದ್ದು ‘ಸ್ಮೂತ್’ ಮಾಡುವ ಚಪಲ. ಫ್ರೇಮುಗಳ ನಡುವೆ ಕುಪ್ಪಳಿಸಿದಂತೆ ಕಾಣುತ್ತೆ ಅಂತ, ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರಗಳನ್ನು ಲೆಕ್ಕ ಹಾಕಿ ಸೃಷ್ಟಿಸುವ ಫಿಲ್ಟರ್ ಹಾಕುತ್ತಾರೆ. ಕ್ರಿಕೆಟ್ ರೀಪ್ಲೇಯಲ್ಲಿ ಚೆಂಡು ನಯವಾಗಿ ಸಾಗಲಿ ಅಂತ ಮಾಡುವುದಾದರೆ ಸರಿ. ಕೆರೆಗೆ ಮಾಡಿದರೆ? 1999ರ ಕೆರೆ ನಯವಾಗಿ ಕರಗಿ 2000ದ ಲೇಔಟ್ ಆಗುತ್ತೆ. ನಿಜದಲ್ಲಿ ಮಣ್ಣು ತುಂಬಿದ ಲಾರಿಗಳು ಕೆಲವೇ ರಾತ್ರಿಗಳಲ್ಲಿ ಮುಗಿಸಬಲ್ಲ ಕೆಲಸವನ್ನು ವಿಡಿಯೋ ಒಂದು ಇಡೀ ವರ್ಷದ ಮೃದುವಾದ ಸೂರ್ಯಾಸ್ತವಾಗಿ ತೋರಿಸುತ್ತೆ. ಆ ನಡುವಿನ ಫ್ರೇಮುಗಳಿಗೆ ಸಾಕ್ಷಿಯಾದ ಯಾವ ಕ್ಯಾಮೆರಾವೂ ಇಲ್ಲ.

ಹಾಗಾದರೆ ಬೇಡವೇ? ಬೇಕು. ನಾನು ಕೇಳುತ್ತಿರುವುದು ಕಡಿಮೆ ವಿಡಿಯೋ ಅಲ್ಲ, ಒಳ್ಳೆಯ ವಿಡಿಯೋ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೆಂಗಳೂರಿನ ಬೆಳವಣಿಗೆಯನ್ನು 1973ರಿಂದೀಚೆಗಿನ ಉಪಗ್ರಹ ಚಿತ್ರಗಳಲ್ಲಿ ಅಳೆದದ್ದನ್ನು ಗಮನಿಸಿ. ಅವರು ಕೆಲವೇ ವರ್ಷಗಳನ್ನು ಆಯ್ದುಕೊಂಡು, ಪ್ರತಿ ಪಿಕ್ಸೆಲ್ಲನ್ನೂ ನೀರು, ಹಸಿರು, ಕಟ್ಟಡ, ಇತರೆ ಅಂತ ವಿಂಗಡಿಸಿ, ಅಂಕಿ ಇಡುತ್ತಾರೆ. ಕುಪ್ಪಳಿಸುತ್ತೆ, ನಯ ಇಲ್ಲ, ಆದರೆ ಪ್ರತಿ ಚಿತ್ರದ ಅಡಿಯಲ್ಲಿ ಅದು ಯಾವಾಗಿನದು ಅಂತ ಇದೆ. ಈ ಶಿಸ್ತನ್ನು ಪೈಪಿನ ಒಳಗೆ ತರಲು ದೊಡ್ಡ ಲ್ಯಾಬ್ ಬೇಕಿಲ್ಲ.

ಮೊದಲನೆಯದಾಗಿ, ಚಿತ್ರ ಪೈಪಿಗೆ ಇಳಿಯುವ ಮುಂಚೆಯೇ ಅದರ ಮೈಮೇಲೆ ತಾರೀಖನ್ನು ಅಚ್ಚೊತ್ತಿ, ಇಮೇಜ್‌ಮ್ಯಾಜಿಕ್ ಫೈಲಿನ ಹೆಸರಿಂದಲೇ ಅದನ್ನು ಎತ್ತಿ ಮೂಲೆಯಲ್ಲಿ ಬರೆಯಬಲ್ಲದು. ಆಮೇಲೆ ಹೆಸರು ಕಳೆದರೂ ಚಿಂತೆಯಿಲ್ಲ. ಊರಿನ ಹೆಸರನ್ನು ಕನ್ನಡದಲ್ಲಿ ಬರೆಯುವವರು ಒಮ್ಮೆ ಪರೀಕ್ಷಿಸಿ. ಎಫ್‌ಎಫ್‌ಎಂಪೆಗ್‌ನ ಹಳೆಯ ಆವೃತ್ತಿಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ, ತಣಿಸಂದ್ರದ ‘ದ್ರ’ ಒಡೆದು ಬೀಳುತ್ತೆ. ಇಮೇಜ್‌ಮ್ಯಾಜಿಕ್ ಪ್ಯಾಂಗೋ ಜೊತೆ ಸೇರಿದರೆ ಸರಿಯಾಗಿ ಬರೆಯುತ್ತೆ. ಎರಡನೆಯದಾಗಿ, ಎಲ್ಲ ಚಿತ್ರಕ್ಕೂ ಒಂದೇ ಅವಧಿ ಕೊಡಬೇಡಿ. ಚಿತ್ರಗಳ ಪಟ್ಟಿಯನ್ನು ಬರೆದು ಪ್ರತಿಯೊಂದರ ಮುಂದೆ ಇಷ್ಟು ಸೆಕೆಂಡ್ ಅಂತ ಹಾಕುವ ಸೌಲಭ್ಯ ಎಫ್‌ಎಫ್‌ಎಂಪೆಗ್‌ನಲ್ಲೇ ಇದೆ. ಎರಡು ಚಿತ್ರಗಳ ನಡುವೆ ಮೂರು ವರ್ಷ ಕಳೆದಿದ್ದರೆ ಪರದೆಯ ಮೇಲೂ ಮೂರರಷ್ಟು ಕಳೆಯಲಿ. ಮೂರನೆಯದಾಗಿ, ಒಂದೇ ತಿಂಗಳಿನ ಚಿತ್ರಗಳನ್ನು ಮಾತ್ರ ಒಂದು ಸಾಲಿಗೆ ಹಾಕಿ, ಜನವರಿಗೆ ಜನವರಿ. ಆ ವರ್ಷ ಸಿಗಲಿಲ್ಲವೇ? ಕಪ್ಪು ಫ್ರೇಮ್ ಹಾಕಿ, ವರ್ಷ ಬರೆಯಿರಿ. ಪಟ್ಟೆ ಬಿದ್ದ ಚಿತ್ರವನ್ನು ಪಟ್ಟೆ ಸಮೇತ ತೋರಿಸಿ. ಎರಡು ಸಾಲುಗಳಾದರೆ ಆ ಕಪ್ಪು ಫ್ರೇಮುಗಳೇ ಸಂಖ್ಯೆ ಸರಿದೂಗಿಸುತ್ತವೆ, ಎಡದ 1998ಕ್ಕೆ ಬಲದ 1998 ಸಿಗುತ್ತೆ. ಕೊನೆಯದಾಗಿ ಪೈಪ್‌ಫೇಲ್ ಹಾಕಿ, ಫ್ರೇಮುಗಳನ್ನು ಎಣಿಸಿ. ಒಳಗೆ ಹೋದದ್ದು 41, ಹೊರಗೆ ಬಂದದ್ದು 38 ಆದರೆ ಪೋಸ್ಟ್ ಮಾಡುವ ಮುಂಚೆ ಆ ಮೂರು ವರ್ಷ ಎಲ್ಲಿ ಹೋದವು ಅಂತ ಹುಡುಕಿ.

ಹೀಗೆ ಮಾಡಿದ ವಿಡಿಯೋ ಒರಟಾಗಿರುತ್ತೆ. ನಡುನಡುವೆ ಕತ್ತಲೆ, ಹುಲಿಪಟ್ಟೆ, ಎಲ್ಲೋ ಉದ್ದ ಎಲ್ಲೋ ಗಿಡ್ಡ. ಲೈಕ್ ಕಡಿಮೆ ಬೀಳಬಹುದು. ಆದರೆ ಅರ್ಕಾವತಿಯ ಹಕ್ಕುಪತ್ರ ಹಿಡಿದು ಕಚೇರಿಯ ಬೆಂಚಿನ ಮೇಲೆ ಕೂತವರಿಗೂ, ರಾಚೇನಹಳ್ಳಿಯ ದಡದಲ್ಲಿ ಬೇಲಿಯ ಕಲ್ಲು ಎಷ್ಟು ಸರಿಯಿತು ಅಂತ ಕೇಳುವವರಿಗೂ ಉಪಯೋಗಕ್ಕೆ ಬರುವುದು ಆ ಒರಟು ಪ್ರತಿಯೇ. ಅದನ್ನು ಯಾವುದೇ ಫ್ರೇಮಿನಲ್ಲಿ ನಿಲ್ಲಿಸಿ ಇದು ಯಾವತ್ತಿನದು ಅಂತ ಕೇಳಬಹುದು, ಉತ್ತರ ಚಿತ್ರದಲ್ಲೇ ಬರೆದಿರುತ್ತೆ. ಮುಂದಿನ ಮಳೆಗೆ ನಿಮ್ಮ ಗ್ರೂಪಿಗೆ ಬರುವ ವಿಡಿಯೋವನ್ನು ಫಾರ್ವರ್ಡ್ ಮಾಡುವ ಮುಂಚೆ ಹೀಗೊಮ್ಮೆ ನಿಲ್ಲಿಸಿ ನೋಡಿ. ಮೂಲೆಯಲ್ಲಿ ತಾರೀಖು ಇಲ್ಲದಿದ್ದರೆ ಕಳಿಸಿದವರನ್ನೇ ಕೇಳಿ: ಸರ್, ಇದು ಯಾವ ತಿಂಗಳು?